ಊರ ಹಗೇವಿನ ರಾಗಿ

ಆ ಊರಿನಲ್ಲಿ ರಾಗಿ ಚೆನ್ನಾಗಿಯೇ ಬೆಳೆಯುತ್ತಿತ್ತು. ಆದರೂ ಶ್ರಾವಣ ಬಂತೆಂದರೆ ಅದೇ ಊರಿನ ಕೂಲಿ ಜನ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಜವನಗೊಂಡನಹಳ್ಳಿಯವರೆಗೆ ನಡೆದು, ಬಸ್ಸು ಸಿಕ್ಕರೆ ಹಿರಿಯೂರಿಗೆ ಹೋಗಿ ರಾಗಿ ಕೊಂಡು ತರುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಗಾಡಿ ಹತ್ತಿ ಮಂಡಿಗೆ ಹೋದ ರಾಗಿ ಅದು. ತಾವೇ ಕಳೆ ಕಿತ್ತು, ಕೊಯ್ದು, ಒಕ್ಕಿದ ಕಾಳನ್ನು ಊರಾಚೆಯಿಂದ ಮತ್ತೆ ಹೊತ್ತು ತರುವುದು ಅವರಿಗೆ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಪ್ರತಿ ವರ್ಷದ ಕೆಲಸ. ಗ್ರಾಮಸೇವಕನಾಗಿ ಹೊಸದಾಗಿ ಹೋಗಿದ್ದ ನನಗೆ ಮಾತ್ರ ವಿಚಿತ್ರವೆನ್ನಿಸಿತು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದ ಕಾಲ. ನನಗೆ ಕೊಟ್ಟಿದ್ದ ಕೆಲಸ ಕಾಂಪೋಸ್ಟ್ ಗುಂಡಿ ತೆಗೆಸುವುದು, ಸುಧಾರಿತ ಬೀಜ ಹಂಚುವುದು, ಸೈಕಲ್ಲಿನಲ್ಲಿ ಊರೂರು ತಿರುಗಿ ಬ್ಲಾಕ್ ಆಫೀಸಿಗೆ ವರದಿ ಕಳಿಸುವುದು. ಚಾವಡಿಯ ಹಿಂದಿನ ಒಂದು ಕೋಣೆಯಲ್ಲಿ ಇದ್ದೆ. ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೆ. ಜನ ಕಂಡಾಗ ಕೈ ಮುಗಿಯುತ್ತಿದ್ದರು, ದಾರಿ ಬಿಡುತ್ತಿದ್ದರು. ನಾನು ಹೋಗಿ ಕಟ್ಟೆಯ ಮೇಲೆ ಕುಳಿತರೆ ಮಾತ್ರ ಅವರ ಮಾತು ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತು ಮಳೆಯ ಬಗ್ಗೆ ನಾನು ಕೇಳಿ, ಅವರು ಹೇಳಿ, ಆಮೇಲೆ ಒಬ್ಬೊಬ್ಬರೇ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ತಿಂಗಳುಗಟ್ಟಲೆ ಯಾರೂ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ.

ಆ ವರ್ಷ ಊರಿಗೆ ಹೊಸ ಪಂಚಾಯಿತಿ ಆಯ್ಕೆಯಾಯಿತು. ಛೇರ್ಮನ್ ಆದವರು ಕುರಿ ಮಂದೆಯಿದ್ದ ಹಿರಿಯ ರೈತರು. ಊರವರು ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಓದು ಬಾರದಿದ್ದರೂ ಸಭೆ ನಡೆಸುವುದು ಅವರಿಗೆ ಬರುತ್ತಿತ್ತು. ಎಲ್ಲರ ಮಾತು ಮುಗಿಯುವವರೆಗೂ ಕಂಬಳಿ ಹೊದ್ದು ಸುಮ್ಮನೆ ಕುಳಿತಿರುತ್ತಿದ್ದರು.

ಮೊದಲ ಸಭೆಯಲ್ಲೇ ನಾನು ವಿಷಯ ಎತ್ತಿದೆ. ಸುಗ್ಗಿಯಲ್ಲಿ ಹೊಲವುಳ್ಳ ಪ್ರತಿ ಮನೆಯೂ ಒಂದಿಷ್ಟು ರಾಗಿಯನ್ನು ಪಂಚಾಯಿತಿಗೆ ಕೊಡಲಿ. ಪಂಚಾಯಿತಿ ಅದನ್ನು ಕಾಯ್ದಿಟ್ಟು ಶ್ರಾವಣ ಭಾದ್ರಪದದಲ್ಲಿ ಹೊಲವಿಲ್ಲದ ಮನೆಗಳಿಗೆ ಕೊಡಲಿ. ಪಡೆದವರು ಮುಂದಿನ ಸುಗ್ಗಿಯಲ್ಲಿ ಕೂಲಿಯ ಕಾಳಿನಿಂದಲೇ ಹಿಂತಿರುಗಿಸಲಿ. ಇಡುವುದಕ್ಕೆ ಒಂದು ಗೋದಾಮು ಬೇಕೆಂದು ಬ್ಲಾಕ್ ಆಫೀಸಿಗೆ ಬರೆಯುತ್ತೇನೆ ಎಂದೆ. ಬರೆದೆ. ಅಲ್ಲಿಂದ ಕಾಂಪೋಸ್ಟ್ ಗುಂಡಿಗಳು ಎಷ್ಟಾದವು ಎಂದು ಉತ್ತರ ಬಂತು.

ಯಜಮಾನರು ಅದನ್ನು ಕೇಳಿ ನಕ್ಕರು. "ಗೋಡೌನ್ ಬರೋ ಹೊತ್ತಿಗೆ ನನ್ನ ಮೊಮ್ಮಕ್ಳು ಮುದುಕ್ರಾಗಿರ್ತಾವೆ. ಚಾವಡಿ ಮುಂದೆ ಹಗೇವು ಐತಲ್ಲ, ಅದನ್ನೇ ತೆಗ್ಸಾಣ ಬಿಡ್ರಿ."

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಗಟ್ಟಿ ಗರಸು ನೆಲದಲ್ಲಿ ತೋಡಿ, ಗೋಡೆಗೆ ಮಣ್ಣು ಸಗಣಿ ಮೆತ್ತಿ, ಒಳಗೆ ಹುಲ್ಲು ಸುಟ್ಟು ಒಣಗಿಸಿರುತ್ತಾರೆ. ಗಾಳಿಯಾಡದಂತೆ ಮುಚ್ಚಿದರೆ ರಾಗಿ ವರ್ಷಾನುಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ಚಾವಡಿಯ ಮುಂದಿದ್ದದ್ದು ಊರಿಗೆಲ್ಲ ಸೇರಿದ ಹಗೇವು. ಬಹಳ ಕಾಲದಿಂದ ಬರಿದಾಗಿ ಬಿದ್ದಿತ್ತು.

ಪುಷ್ಯ ಮಾಸದಲ್ಲಿ ಒಕ್ಕಣೆ ಮುಗಿಯುತ್ತಿದ್ದಂತೆ ಅದರ ಚಪ್ಪಡಿ ಎತ್ತಿಸಿದೆವು. ಹಳೆಯ ಮೆತ್ತಿಗೆ ಕೆರೆದು ಹೊಸದಾಗಿ ಮೆತ್ತಿ, ಹುಲ್ಲು ಸುಟ್ಟು, ಗೋಡೆ ಕೈಗೆ ಬಿಸಿಯಾಗಿ ತಾಗುವಷ್ಟು ಒಣಗಿಸಿದೆವು. ತಳಕ್ಕೂ ಸುತ್ತಲೂ ಹುಲ್ಲಿನ ದಪ್ಪ ಹಾಸು. ಆಮೇಲೆ ಮನೆಮನೆಯ ರಾಗಿ ಬಂತು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಊರಿನ ದೊಡ್ಡ ಜಮೀನಿನ ಗೌಡರು. ಕೊಡುವ ಮುಂಚೆ ಒಂದು ಮಾತು ಕೇಳಿದರು.

"ಕೊಡೋದು ಕೊಡ್ತೀನಪ್ಪ. ನನ್ನ ರಾಗಿ ಹೋಗಿ ಮಣ್ಣಾದ್ರೆ ಯಾರು ಹೊಣೆ?"

ಪಂಚಾಯಿತಿಯವರೆಲ್ಲ ನನ್ನ ಕಡೆ ನೋಡಿದರು. "ನಾನು," ಎಂದೆ. ಆಗ ಅದು ದೊಡ್ಡ ಮಾತು ಅನ್ನಿಸಲಿಲ್ಲ.

ಕೊನೆಯ ಚೀಲ ಸುರಿದ ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಸಂದಿಗೆಲ್ಲ ಕಲಸಿದ ಮಣ್ಣು ತುಂಬಿ, ಮೇಲೆ ಇನ್ನಷ್ಟು ಮಣ್ಣು ಏರಿಸಿ ತುಳಿದರು. ಆ ದಿನ ಕಟ್ಟೆಯ ಮೇಲೆ ನಾನು ಕುಳಿತಾಗ ಯಾರೂ ಏಳಲಿಲ್ಲ. ಯಾರೋ ಎಲೆ ಅಡಿಕೆ ಕೊಟ್ಟರು.

ಬೇಸಿಗೆಯ ಕೊನೆಗೆ ಬರುವ ಕೃತ್ತಿಕಾ ಮಳೆ ಆ ವರ್ಷ ಹುಚ್ಚು ಹಿಡಿದಂತೆ ಸುರಿಯಿತು. ಆ ಕಡೆಯ ಜನ ಮಳೆ ಬಂದರೆ ಅಂಗಳದಲ್ಲಿ ನಿಂತು ನೋಡುವವರು. ಮೊದಲ ದಿನ ಎಲ್ಲರಿಗೂ ಸಂತೋಷವೇ. ಆಮೇಲೆ ಮೇಲಿನ ಹೊಲಗಳ ಬದು ಒಡೆದು ನೀರೆಲ್ಲ ಬೀದಿಗೆ ನುಗ್ಗಿತು. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಚಾವಡಿಯ ಮುಂದೆ ಕೆಂಪು ನೀರು ನಿಂತಿತ್ತು. ಹಗೇವಿನ ಮೇಲಿನ ದಿಬ್ಬ ಕರಗಿ ಚಪ್ಪಡಿಯ ಅಂಚು ಕಾಣುತ್ತಿತ್ತು. ಗುದ್ದಲಿ ತಂದು ಒಬ್ಬನೇ ಕಾಲುವೆ ಕಡಿದು ನೀರು ಬಿಟ್ಟೆ, ಮಣ್ಣು ಏರಿಸಿದೆ. ಮತ್ತೆ ಮಳೆ ಬಂದು ಅದನ್ನೂ ತೊಳೆಯಿತು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಚಪ್ಪಡಿಯ ಸಂದಿಗೆ ಮೂಗಿಟ್ಟು ನೋಡಿದೆ. ಹಳಸಿದ ಅಂಬಲಿಯ ವಾಸನೆ. ಎದ್ದು ನಿಂತಾಗ ಬೀದಿಯ ಆ ಬದಿಯಲ್ಲಿ ನಾಲ್ಕೈದು ಜನ ನನ್ನನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಚಾವಡಿಯಲ್ಲಿ ಜನ ಸೇರಿದರು. ತೆಗೆದರೆ ಹಸಿ ಗಾಳಿ ಹೊಕ್ಕು ಒಳ್ಳೆಯ ಕಾಳೂ ಕೆಡುತ್ತದೆ ಎಂದು ಕೆಲವರು. ತೆಗೆಯದಿದ್ದರೆ ಕೆಟ್ಟದ್ದು ಬಿಸಿಯೇರಿ ಒಳಗೊಳಗೇ ತಿಂದುಕೊಂಡು ಬರುತ್ತದೆ ಎಂದು ಕೆಲವರು. ಗೌಡರು ಒಂದೇ ಮಾತು ಹೇಳಿದರು: "ತೆಗೀರಿ. ಉಳಿದಿದ್ದು ಅವರವರ ಪಾಲು ಅವರವರಿಗೆ ಕೊಟ್ಬಿಡ್ರಿ. ಇದು ಆಗೋ ಹೋಗೋ ಕೆಲ್ಸ ಅಲ್ಲ." ತೆಗೆಯುವುದು ಎಂದು ತೀರ್ಮಾನವಾಯಿತು. ಉಳಿದದ್ದನ್ನು ಏನು ಮಾಡಬೇಕೆಂಬುದು ತೀರ್ಮಾನವಾಗಲಿಲ್ಲ.

ಚಪ್ಪಡಿ ಸರಿಸಿದ ಕೂಡಲೇ ಹತ್ತಿರವಿದ್ದವರು ಮುಖ ತಿರುಗಿಸಿದರು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನು ಉಸಿರು ಕಟ್ಟಿ ಸಾಯುತ್ತಾನೆ ಎಂಬುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಬಾಯಿ ತೆರೆದಿಟ್ಟು ಕಾದೆವು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದೆ. ಕೊರಳು ದಾಟುತ್ತಿದ್ದಂತೆ ಆರಿತು. ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಬಾವಿಯಿಂದ ನೀರು ಸೇದುವಂತೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿ ಕಲಕಿದೆವು. ಲಾಟೀನು ಮತ್ತೆ ಆರಿತು. ಅಷ್ಟರಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೊಂದು ಮಳೆ ಬಂದರೆ ಎಲ್ಲವೂ ಹೋದಂತೆಯೇ.

ಗೌಡರು ತಮ್ಮ ಆಳಿನ ಕಡೆ ತಿರುಗಿ, "ಲೇ, ಉಸಿರು ಹಿಡ್ಕಂಡು ಒಂದ್ಸಲ ಇಳ್ದು ನೋಡ್ಕಂಡು ಬಾರ್ಲಾ," ಎಂದರು. ಅವನು ಪಂಚೆ ಎತ್ತಿ ಕಟ್ಟತೊಡಗಿದ.

ನಾನು ಹಗೇವಿನ ಬಾಯಿಗೆ ಅಡ್ಡ ನಿಂತೆ. "ದೀಪ ನಿಲ್ಲೋವರೆಗೂ ಯಾರೂ ಇಳಿಯೋ ಹಾಗಿಲ್ಲ. ನಿಂತ ಮೇಲೆ ನಾನು ಇಳೀತೀನಿ."

"ಮಳೆ ಬರ್ತೈತೆ ಕಣ್ರಿ!" ಎಂದರು ಗೌಡರು.

"ಬರ್ಲಿ."

ಮಳೆ ಬರಲಿಲ್ಲ, ಮೋಡ ಶಿರಾದ ಕಡೆಗೆ ಸರಿಯಿತು. ಕಂಬಳಿ ಎತ್ತಿ ಇಳಿಸಿದವರ ತೋಳು ಸೋತು ಬೇರೆಯವರು ಹಿಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಾಟೀನಿನ ಜ್ವಾಲೆ ಒಳಗೆ ಅಲುಗಾಡದೆ ನಿಂತಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೆ. ಕಾಲಿಗೆ ಮೊದಲು ಹುಲ್ಲು ಸಿಕ್ಕಿತು, ಆಮೇಲೆ ರಾಗಿ. ಬೆಚ್ಚಗಿತ್ತು, ಜ್ವರ ಬಂದ ಮೈಯಂತೆ. ಗೋಡೆಯ ಸುತ್ತ ಕಾಳು ಹೆಂಟೆಗಟ್ಟಿ ಕಪ್ಪಾಗಿ, ಕೈ ಹಾಕಿದರೆ ಜಿಗುಟಾಗಿ ಬರುತ್ತಿತ್ತು. ನಡುವೆ ಮೊಣಕೈವರೆಗೆ ತೋಳು ಇಳಿಸಿ ಮುಷ್ಟಿ ತುಂಬ ತೆಗೆದು ದೀಪಕ್ಕೆ ಹಿಡಿದೆ. ಕಾಳು ಬಿಡಿಬಿಡಿಯಾಗಿ ಬೆರಳ ಸಂದಿಯಲ್ಲಿ ಜಾರಿತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಕೆಟ್ಟಿರಲಿಲ್ಲ. ಮೇಲೆ ನೋಡಿದರೆ ಬಿಳಿಯ ಆಕಾಶದ ಒಂದು ತುಂಡು, ಅದರ ಸುತ್ತ ತಲೆಗಳು. ಯಾರೊಬ್ಬರ ಮುಖವೂ ಗುರುತು ಸಿಗಲಿಲ್ಲ. "ಐತಾ?" ಎಂದು ಒಂದು ದನಿ ಕೇಳಿತು. "ಐತೆ," ಎಂದು ಕೂಗಿದೆ. ಆ ಊರಿನಲ್ಲಿ ಮೊದಲ ಸಲ ಅವರ ಹಾಗೆ ಮಾತಾಡಿದೆ ಅನ್ನಿಸುತ್ತದೆ.

ಮುಕ್ಕಾಲು ಪಾಲು ಉಳಿದಿತ್ತು. ಬುಟ್ಟಿಬುಟ್ಟಿಯಾಗಿ ಮೇಲೆ ಸೇದಿ, ಗೌಡರ ಕಣದಲ್ಲೇ ಹರವಿ ಬಿಸಿಲಿಗೆ ಹಾಕಿದೆವು. ಕೂಲಿ ಕೇರಿಯ ಹೆಂಗಸರು ಮೊರ ಹಿಡಿದು ಬಂದು ಕುಳಿತರು. ಹೆಂಟೆ ಬೇರೆ, ಬಿಸಿಯೇರಿ ಬಣ್ಣ ತಿರುಗಿದ್ದು ಬೇರೆ, ಒಳ್ಳೆಯದು ಬೇರೆ. ಮೋಡ ಕಂಡರೆ ಎಲ್ಲರೂ ಸೇರಿ ಗುಡ್ಡೆ ಮಾಡಿ ಕಂಬಳಿ ಹೊದಿಸುವುದು, ಬಿಸಿಲು ಬಂದರೆ ಮತ್ತೆ ಹರವುವುದು. ಕಪ್ಪು ಹೆಂಟೆಯನ್ನು ದನಕ್ಕೂ ಹಾಕುವಂತಿರಲಿಲ್ಲ. ಅದನ್ನು ನನ್ನ ಕಾಂಪೋಸ್ಟ್ ಗುಂಡಿಗಳಿಗೆ ಸುರಿಸಿದೆ. ಅಲ್ಲಿಯವರೆಗೆ ಬರಿದಾಗಿದ್ದ ಗುಂಡಿಗಳು ತುಂಬಿದವು. ಯಾರೋ ಅದನ್ನು ಹೇಳಿ ನಕ್ಕದ್ದೂ ಕೇಳಿಸಿತು.

ರಾಗಿ ಒಣಗುತ್ತಾ ಬಂದಂತೆ ಗೌಡರ ಮಾತು ಜೋರಾಯಿತು. ಹಗೇವು ಹಸಿಯಾಗಿದೆ, ಮಳೆಗಾಲ ಮುಗಿಯುವವರೆಗೆ ಅದಕ್ಕೆ ಕಾಳು ಹಾಕುವಂತಿಲ್ಲ. ಬೇರೆ ಜಾಗವಿಲ್ಲ. ಆದ್ದರಿಂದ ಕೊಟ್ಟವರಿಗೆ ವಾಪಸು. ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಆದರೆ ಒಮ್ಮೆ ಹಿಂದಕ್ಕೆ ಹೋದ ರಾಗಿ ಇನ್ನೊಂದು ಸುಗ್ಗಿಯಲ್ಲಿ ಪಂಚಾಯಿತಿಗೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಈಗಲೇ ಹೊಲವಿಲ್ಲದ ಮನೆಗಳಿಗೆ ಹಂಚಿಬಿಟ್ಟರೆ?" ಎಂದೆ. "ಅವರ ಮಡಕೆಗಳಲ್ಲೇ ಇರಲಿ. ಶ್ರಾವಣ ಬಂದಾಗ ತಿಂದುಕೊಳ್ಳಲಿ."

ಗೌಡರು ಜೋರಾಗಿ ನಕ್ಕರು. "ಶ್ರಾವಣದ ಮಟ ಇಡ್ತಾರಾ? ಇವತ್ತು ಕೊಟ್ರೆ ಬರೋ ಸಂತೆ ಹೊತ್ತಿಗೆ ಮುಗ್ಸಿರ್ತಾರೆ. ಕೂಲಿ ಜನದ ಕೈಯಾಗೆ ಕಾಳು ನಿಲ್ತದೇನ್ರಿ?"

ಮೊರ ಆಡಿಸುತ್ತಿದ್ದ ಒಬ್ಬ ಹೆಂಗಸು ಕೈ ನಿಲ್ಲಿಸಿದಳು. ಗಂಡನಿಲ್ಲದವಳು, ಗೌಡರ ಹೊಲದಲ್ಲೇ ಕೂಲಿ. ತಲೆ ಎತ್ತದೆ ಹೇಳಿದಳು: "ಹಸಿದಾಗ ಉಣ್ಲಿ ಅಂತ ತಾನೆ ಇದನ್ನ ಇಟ್ಟಿದ್ದು? ನಾವು ಯಾವಾಗ ಹಸೀತೀವಿ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತೇನ್ರಿ, ಗೌಡ್ರೆ?"

ಗೌಡರು ಮೇಲುವಸ್ತ್ರ ಕೊಡವಿ ಎದ್ದು ಹೋದರು. ಹೋಗುವಾಗ ಯಜಮಾನರ ಕಡೆ ತಿರುಗಿ, "ನಾಳೆ ಬಂದು ನನ್ನ ಪಾಲು ಅಳೆಸ್ಕೊಂಡು ಹೋಗ್ತೀನಿ," ಎಂದರು.

ಮಬ್ಬುಗತ್ತಲಾಗುವ ಹೊತ್ತಿಗೆ ಯಜಮಾನರು ನನ್ನ ಕೋಣೆಗೆ ಬಂದರು. ಅದುವರೆಗೆ ಅವರು ಒಳಗೆ ಬಂದದ್ದಿಲ್ಲ. ಚಾಪೆ ಹಾಸಿದೆ. ಕುಳಿತರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು.

"ಆಯಮ್ಮ ಹೇಳಿದ್ದು ಸರಿ ಐತೆ," ಎಂದರು.

"ಹಾಗಾದ್ರೆ ನಾಳೆ ಪಂಚಾಯ್ತಿ ಸೇರಿಸಿ ತೀರ್ಮಾನ ಮಾಡೋಣ, ಯಜಮಾನ್ರೇ."

ಅವರು ತಲೆ ಆಡಿಸಿದರು. "ಆಗಾಕಿಲ್ಲ ಸ್ವಾಮಿ. ನಾನು ಈ ಊರಾಗೇ ಹುಟ್ಟಿ ಈ ಊರಾಗೇ ಮಣ್ಣಾಗೋನು. ನನ್ನ ಹೊಲ ಅವ್ರ ಹೊಲದ ಬದಿಗೇ ಐತೆ. ನನ್ನ ಕುರಿ ಅವ್ರ ಬಾವಿ ನೀರು ಕುಡೀತಾವೆ. ನಾನು ಎದ್ರಿಗೆ ನಿಂತು ನಿಮ್ಮ ರಾಗಿ ಕೊಡಾಕಿಲ್ಲ ಅಂದ್ರೆ ಊರು ಎರಡು ಪಾರ್ಟಿ ಆಗ್ತೈತೆ. ಇವತ್ತು ರಾಗಿ, ನಾಳೆ ಮದ್ವೆ, ನಾಡಿದ್ದು ಹೆಣ. ಯಾವುದಕ್ಕೂ ಒಬ್ಬರ ಮನೆಗೊಬ್ಬರು ಬರಾಕಿಲ್ಲ."

"ಮತ್ತೆ?"

"ನೀವು ಹಂಚಿಬಿಡ್ರಿ. ಬೆಳಿಗ್ಗೆ ಗೌಡ್ರು ಬರೋದ್ರಾಗೆ. ನಾನು ಕುರಿ ಹೊಡ್ಕಂಡು ಹೋಗಿರ್ತೀನಿ. ಕೇಳಿದ್ರೆ ನನಗೆ ಗೊತ್ತಿಲ್ಲ ಅಂತೀನಿ." ಒಲೆಯ ಬೆಂಕಿಯನ್ನೇ ನೋಡುತ್ತ ಹೇಳುತ್ತಿದ್ದರು. "ನೀವು ಇವತ್ತಲ್ಲ ನಾಳೆ ಹೋಗೋರು. ಬೈಗುಳ ನಿಮ್ಮ ಜತೀಗೆ ಹೋಗ್ತಾವೆ. ರಾಗಿ ಊರಾಗೆ ಉಳೀತೈತೆ."

ನನ್ನ ಕೆಲಸದ ಬಗ್ಗೆ ತರಬೇತಿಯಲ್ಲಿ ಎಷ್ಟೋ ಹೇಳಿದ್ದರು: ಜನರೊಳಗೆ ಒಬ್ಬನಾಗು, ಅವರ ವಿಶ್ವಾಸ ಗಳಿಸು. ಹಗೇವಿನೊಳಗಿಂದ "ಐತೆ" ಎಂದು ಕೂಗಿದ ಮೇಲೆ ಅದು ಸ್ವಲ್ಪ ಹತ್ತಿರ ಬಂದಿದೆ ಎಂದುಕೊಂಡಿದ್ದೆ. ಈಗ ಈ ಹಿರಿಯ, ನಾನು ಹೊರಗಿನವನಾಗಿರುವುದೇ ಊರಿಗೆ ಬೇಕಾಗಿರುವುದು ಎನ್ನುತ್ತಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಊಟ ಮಾಡ್ಕಂಡು ಹೋಗಿ," ಎಂದೆ. "ಬ್ಯಾಡ್ರಿ," ಎಂದು ಎದ್ದರು. ಬಾಗಿಲಲ್ಲಿ ನಿಂತು ನನ್ನ ಹೆಗಲ ಮೇಲೆ ಒಂದು ಕ್ಷಣ ಕೈ ಇಟ್ಟು ಹೋದರು.

ಬೆಳಕು ಹರಿಯುತ್ತಿದ್ದಂತೆ ಕೊಳಗ ಹಿಡಿದು ಕಣಕ್ಕೆ ಹೋದೆ. ಕೂಲಿ ಕೇರಿಗೆ ಹೇಳಿ ಕಳಿಸಿದ್ದೆ. ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಕೇಳಿ, ಅದಕ್ಕೆ ತಕ್ಕಂತೆ ಅಳೆದು ಸೆರಗಿಗೆ, ಚೀಲಕ್ಕೆ, ಕುಕ್ಕೆಗೆ ಸುರಿದೆ. ಸುಗ್ಗಿಯಲ್ಲಿ ಇಷ್ಟೇ ವಾಪಸು ಪಂಚಾಯಿತಿಗೆ ಕೊಡಬೇಕು ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಹಿಂದಿನ ದಿನ ಮಾತಾಡಿದ ಹೆಂಗಸು ಕೊನೆಯಲ್ಲಿ ಬಂದಳು. ರಾಗಿ ಕಟ್ಟಿಕೊಂಡು, "ನಿಮಗೆ ತೊಂದ್ರೆ ಆಗ್ತೈತೆ," ಎಂದಳು. ಆಗುತ್ತದೆ ಎಂದೆ. ಗೌಡರು ಆಳುಗಳೊಡನೆ ಬಂದಾಗ ಕಣದಲ್ಲಿ ಹೊಟ್ಟು ಮತ್ತು ನಾನು ಮಾತ್ರ ಉಳಿದಿದ್ದೆವು.

ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕಣದಲ್ಲಿ, ತಮ್ಮ ಆಳುಗಳ ಮುಂದೆ ಹಾಗಾದದ್ದರಿಂದ ಅವರಿಗೆ ಬಹಳ ನೋವಾಗಿತ್ತು. ಕೊಡುವುದಿಲ್ಲ ಎನ್ನಬಹುದಾಗಿದ್ದರೂ ಕೊಟ್ಟಿದ್ದ ಮನುಷ್ಯ. ಅದನ್ನು ನಾನು ಮರೆತಿಲ್ಲ.

ಆಮೇಲಿನ ದಿನಗಳಲ್ಲಿ ಹೊಲವುಳ್ಳ ಮನೆಗಳವರು ನನ್ನ ಜೊತೆ ಮಾತು ಬಿಟ್ಟರು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೆ ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದರು. ಕೂಲಿ ಕೇರಿಯವರು ಗೌಡರ ಕಣ್ಣಿಗೆ ಬೀಳಬಾರದೆಂದು ದೂರವಿದ್ದರು. ಹಾಲು ಕೊಡುವವರು ಕೊಡುವುದನ್ನು ನಿಲ್ಲಿಸಿದ ಮೇಲೆ ಕರಿ ಕಾಫಿ ರೂಢಿಯಾಯಿತು. ದೂರು ಹೋಗಿ ಬ್ಲಾಕ್ ಆಫೀಸಿನಿಂದ ಸಾಹೇಬರು ಜೀಪಿನಲ್ಲಿ ಬಂದರು. ಚಾವಡಿಯಲ್ಲಿ ಎಲ್ಲರ ಮುಂದೆ ಯಜಮಾನರನ್ನು ಕೇಳಿದರು: "ರಾಗಿ ಹಂಚಲು ಪಂಚಾಯ್ತಿ ಒಪ್ಪಿತ್ತೇನ್ರಿ?"

ಯಜಮಾನರು ನೆಲ ನೋಡಿದರು. "ಇಲ್ಲ ಸ್ವಾಮಿ. ಅವರೇ ಮಾಡಿದ್ರು. ನಾನು ಕುರಿ ಹಿಂದೆ ಹೋಗಿದ್ದೆ."

ಹೀಗೆ ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು, ನಾನೇ ಒಪ್ಪಿದ್ದೆ. ಸಾಹೇಬರು ನನ್ನನ್ನು ಕೇಳಿದರು. "ಹೌದು ಸಾರ್, ನಾನೇ," ಎಂದೆ. ಹೊಳಲ್ಕೆರೆ ಕಡೆಗೆ ವರ್ಗವಾಗಲು ಸ್ವಲ್ಪ ಸಮಯ ಹಿಡಿಯಿತು, ಅಷ್ಟೆ.

ಆ ನಡುವೆ ಶ್ರಾವಣ ಬಂತು. ಮುಂಜಾನೆ ಎಚ್ಚರವಾದಾಗ ಹಾಸಿಗೆಯಲ್ಲೇ ಮಲಗಿ ಕಿವಿಗೊಡುತ್ತಿದ್ದೆ. ಕೂಲಿ ಕೇರಿಯ ಕಡೆಯಿಂದ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ಒಂದು ನಿಂತರೆ ಇನ್ನೊಂದು. ಎಲ್ಲ ಮನೆಗಳಲ್ಲೂ ಉಳಿದಿರಲಿಲ್ಲ. ಒಬ್ಬ ತನ್ನ ಪಾಲನ್ನು ಅಂಗಡಿಗೆ ಹಾಕಿ ಕುಡಿದಿದ್ದ. ಇನ್ನೊಂದು ಮನೆಯಲ್ಲಿ ಬಾಣಂತನವೆಂದು ಬೇಗ ಮುಗಿದಿತ್ತು. ಆದರೆ ಖಾಲಿ ಚೀಲ ಹೊತ್ತು ಜವನಗೊಂಡನಹಳ್ಳಿಯ ದಾರಿ ಹಿಡಿದವರು ಬಹಳ ಕಡಿಮೆ. ಅದನ್ನು ಹೇಳಿಕೊಳ್ಳೋಣವೆಂದರೆ ನನಗೆ ಅಲ್ಲಿ ಯಾರೂ ಇರಲಿಲ್ಲ.

ಹೊರಟ ದಿನ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಊರು ದಾಟಿದೆ. ದೂರದ ಬೋರೆಯ ಮೇಲೆ ಕುರಿ ಮಂದೆ ಕಂಡಿತು, ಕಂಬಳಿ ಹೊದ್ದ ಒಂದು ಆಕೃತಿಯೂ. ಕೈ ಎತ್ತಿದೆ. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಹಲವು ವರ್ಷಗಳ ಮೇಲೆ, ಕೆಲಸದ ಮೇಲೆ ಹಿರಿಯೂರಿನಿಂದ ಶಿರಾಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಮಗುವನ್ನು ಎತ್ತಿಕೊಂಡ ಒಬ್ಬ ತರುಣಿ ಹತ್ತಿದಳು. ಅವಳಿಗೆ ಜಾಗ ಬಿಟ್ಟು ಎದುರಿನ ಸೀಟಿಗೆ ಸರಿದೆ. ಯಾವೂರು ಎಂದು ಕೇಳಿದೆ. ಅದೇ ಊರಿಗೆ ಸೊಸೆಯಾಗಿ ಬಂದವಳು. ಊರಿನಲ್ಲಿ ಬೆಳೆ ಹೇಗಿದೆ, ಕೂಲಿ ಜನಕ್ಕೆ ಮಳೆಗಾಲದಲ್ಲಿ ಹೇಗೆ ಎಂದು ವಿಚಾರಿಸಿದೆ.

"ನಮ್ಮೂರಾಗೆ ಅದಕ್ಕೇನೂ ತೊಂದ್ರೆ ಇಲ್ಲ ಬಿಡ್ರಿ. ಸುಗ್ಗೀಲಿ ಪಂಚಾಯ್ತಿಯೋರು ಕಣದಾಗೇ ರಾಗಿ ಎತ್ತಿ ಇಲ್ಲದೋರ ಮನೆಮನೆಗೆ ಕೊಟ್ಬಿಡ್ತಾರೆ. ಶ್ರಾವಣದಾಗೆ ಬೀಸ್ಕಂತಾರೆ. ಮುಂದಿನ ಸುಗ್ಗೀಗೆ ವಾಪಸು."

"ಪಂಚಾಯ್ತಿಯವರೇ ಒಂದು ಕಡೆ ಇಟ್ಟುಕೊಳ್ಳೋದಿಲ್ವಾ?"

"ಮುಂಚೆ ಹಗೇವಿಗೆ ಹಾಕ್ತಿದ್ರಂತೆ. ಯಾವನೋ ಒಬ್ಬ ಗ್ರಾಮಸೇವಕ ಬಂದು ಎಲ್ಲಾ ಕೆಡಿಸಿ ಹಾಕ್ದನಂತೆ. ನಮ್ಮ ಮಾವ ಈಗಲೂ ಬೈತಾರೆ." ಅವಳು ನಕ್ಕಳು. "ಆಮೇಲೆ ಹಳೇ ಛೇರ್ಮನ್ರೂ ಗೌಡ್ರೂ ಕೂತು ಮಾತಾಡಿ ಹಿಂಗೆ ಮಾಡಿದ್ರಂತೆ. ಈಗ ಅವರಿಬ್ರೂ ಇಲ್ಲ. ಆದ್ರೂ ನಡೀತೈತೆ."

ಯಜಮಾನರು ಹೋಗಿಬಿಟ್ಟಿದ್ದರು. ಗೌಡರೂ. ಅವರಿಬ್ಬರು ಒಂದೇ ಚಾಪೆಯ ಮೇಲೆ ಕುಳಿತು ಮಾತಾಡಿದ್ದನ್ನು ಊಹಿಸಿಕೊಂಡೆ. ನನ್ನನ್ನು ಬೈಯುತ್ತಲೇ ಮಾತು ಶುರು ಮಾಡಿರಬೇಕು. ಇಬ್ಬರೂ ಒಪ್ಪುವ ವಿಷಯ ಅದೊಂದಾದರೂ ಇತ್ತಲ್ಲ.

ಅವಳ ಸ್ಟಾಪು ಬಂತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. "ನಮ್ಮೂರ ಕಡೆ ಯಾವತ್ತಾದ್ರೂ ಬಂದಿದ್ರಾ ನೀವು?" ಎಂದು ಕೇಳಿದಳು.

"ಇಲ್ಲ ತಾಯಿ," ಎಂದೆ. "ಬಂದಿಲ್ಲ."